ಫೈನಲ್ ಇಯರ್ ಪ್ರಾಜೆಕ್ಟ್ ಪ್ರದರ್ಶನ: ಒಳ್ಳೆಯ ಕೆಲಸವನ್ನು ಆರಿಸುವುದು ಹೇಗೆ, ತೋರಿಸುವುದು ಹೇಗೆ?

ನೆರೂಳ್ ಉಪನ್ಯಾಸಕಿ:
ಎಲ್ಲರಿಗೂ ನಮಸ್ಕಾರ. ನವಿ ಮುಂಬೈಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಂಟನೇ ಸೆಮಿಸ್ಟರಿನ ಮಕ್ಕಳ ಪ್ರಾಜೆಕ್ಟ್ ಪ್ರದರ್ಶನದ ಹೊಣೆ ಈ ವರ್ಷ ನನ್ನ ಮೇಲೆ ಬಂದಿದೆ. ಎಲ್ಲ ಗುಂಪುಗಳೂ ಟೇಬಲ್ ಹಾಕುತ್ತವೆ. ಅವುಗಳಲ್ಲಿ ಕೆಲವನ್ನು ಆರಿಸಿ ದೊಡ್ಡ ಹಾಲಿನಲ್ಲಿ ಇಡೀ ದಿನ ತೋರಿಸಬೇಕು ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ.

ಸಾಮಾನ್ಯವಾಗಿ ಇಂಥ ದಿನ ಹೇಗಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಬೆಳಿಗ್ಗೆ ದೀಪ ಬೆಳಗುತ್ತಾರೆ, ಮುಖ್ಯ ಅತಿಥಿ ಮಾತಾಡುತ್ತಾರೆ, ಆಮೇಲೆ ಸಾಲಾಗಿ ಟೇಬಲ್‌ಗಳ ಮುಂದೆ ನಡೆದು ಹೋಗುತ್ತಾರೆ. ಒಂದು ಗುಂಪಿಗೆ ಎರಡು ನಿಮಿಷ ಸಿಕ್ಕರೆ ಪುಣ್ಯ. ಚಕ್ರ ತಿರುಗುವ, ಲೈಟು ಮಿನುಗುವ ಮಾಡೆಲ್ ಎಲ್ಲರ ಕಣ್ಣಿಗೆ ಬೀಳುತ್ತದೆ. ವರ್ಷವಿಡೀ ಕಷ್ಟಪಟ್ಟು ಒಂದು ಲೆಕ್ಕಾಚಾರವನ್ನು ಸರಿಮಾಡಿದ ಗುಂಪು ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಸಂಜೆ ಎಲ್ಲ ಬಿಚ್ಚಿ ಮನೆಗೆ. ಚಿನ್ನದ ಅಕ್ಷರದ ಬ್ಲಾಕ್ ಬುಕ್, ಅಂದರೆ ಕಪ್ಪು ರಟ್ಟಿನ ಪ್ರಾಜೆಕ್ಟ್ ವರದಿ, ಲೈಬ್ರರಿಯ ಕಪಾಟು ಸೇರುತ್ತದೆ, ಮುಂದಿನ ಬ್ಯಾಚ್‌ನವರು ನಕಲು ಮಾಡಲು ಮಾತ್ರ ಅದನ್ನು ತೆಗೆಯುತ್ತಾರೆ.

ಇದನ್ನು ಬದಲಿಸಬೇಕು ಎಂದು ನನಗೆ ಬಹಳ ಆಸೆ. ಪ್ರಾಜೆಕ್ಟ್ ಚೆನ್ನಾಗಿದೆ ಎನ್ನುವುದಕ್ಕೆ ನೀವು ಏನನ್ನು ನೋಡುತ್ತೀರಿ? ಹೊರಗಿನವರಿಗೆ ಅದು ಅರ್ಥವಾಗುವ ಹಾಗೆ ಇಡುವುದು ಹೇಗೆ? ಮಾಡಿ ನೋಡಿದವರು, ಪರೀಕ್ಷಕರಾಗಿ ಹೋದವರು, ತಂದೆತಾಯಿಗಳು, ಎಲ್ಲರೂ ಹೇಳಿ.

ಡೊಂಬಿವಲಿ ಹಿರಿಯ:
ಮೇಡಂ, ಮೊದಲು ನಮ್ಮ ಊರಿನ ಒಂದು ಉದಾಹರಣೆ ಹೇಳುತ್ತೇನೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ 1977ರಿಂದ ಸ್ಟೂಡೆಂಟ್ ಪ್ರಾಜೆಕ್ಟ್ ಪ್ರೋಗ್ರಾಂ ನಡೆಸುತ್ತಿದೆ. ಇಂಜಿನಿಯರಿಂಗ್ ಕಾಲೇಜುಗಳ ಕೊನೆ ವರ್ಷದ ಮಕ್ಕಳು ಪ್ರಸ್ತಾವ ಕಳಿಸುತ್ತಾರೆ, ಆಯ್ಕೆಯಾದವರಿಗೆ ಒಂದಿಷ್ಟು ಹಣ ಸಿಗುತ್ತದೆ. ಮಧ್ಯದಲ್ಲಿ ತಜ್ಞರು ಬಂದು ಕೆಲಸ ನೋಡುತ್ತಾರೆ. ಅದರಲ್ಲಿ ಗೆದ್ದು ಬಂದವು ಮಾತ್ರ ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಅಂದರೆ ಆಯ್ಕೆ ಪ್ರದರ್ಶನದ ದಿನ ಆಗುವುದಲ್ಲ, ಅದಕ್ಕೆ ಮೊದಲೇ ಬೆಂಚಿನ ಪಕ್ಕ ನಿಂತು ಆಗುತ್ತದೆ. ನನಗೆ ಇಷ್ಟವಾಗುವುದು ಅದೇ. ನಮ್ಮ ಮಹಾರಾಷ್ಟ್ರದಲ್ಲೂ ವಿಶ್ವವಿದ್ಯಾಲಯಗಳ ನಡುವೆ ಆವಿಷ್ಕಾರ್ ಎಂಬ ಸಂಶೋಧನಾ ಸ್ಪರ್ಧೆ ನಡೆಯುತ್ತದೆ. ಅಲ್ಲೂ ಒಂದೊಂದೇ ಹಂತ ದಾಟಿ ಮೇಲೆ ಹೋಗಬೇಕು.

ನಾನು ಮಾಟುಂಗಾದ ವಿಜೆಟಿಐ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಕಾರ್ಖಾನೆಯಲ್ಲಿ ದುಡಿದು, ನಿವೃತ್ತನಾದ ಮೇಲೆ ಎಕ್ಸ್‌ಟರ್ನಲ್ (ಹೊರಗಿನ ಪರೀಕ್ಷಕ) ಆಗಿ ವೈವಾಗೆ, ಅಂದರೆ ಮೌಖಿಕ ಪರೀಕ್ಷೆಗೆ, ಹೋಗುತ್ತಿದ್ದೇನೆ. ನಾನು ಕೇಳುವ ಮೊದಲ ಪ್ರಶ್ನೆ: ‘ಯಾವುದು ಕೆಲಸ ಮಾಡಲಿಲ್ಲ? ಅದನ್ನು ತೋರಿಸಿ.’ ಕೆಲಸ ಮಾಡಿದವರ ಮುಖ ಆ ಕ್ಷಣವೇ ಅರಳುತ್ತದೆ. ಒಂದು ಸಲ ಒಬ್ಬ ಹುಡುಗಿ ಬ್ಯಾಗಿನಿಂದ ಎಲ್298ಎನ್ ಎಂಬ ಮೋಟರ್ ಓಡಿಸುವ ಡ್ರೈವರ್ ಬೋರ್ಡ್ ತೆಗೆದು ಟೇಬಲ್ ಮೇಲಿಟ್ಟಳು. ಆ ಬೋರ್ಡಿನೊಳಗೇ ಸುಮಾರು 2 ವೋಲ್ಟ್ ಕಳೆದುಹೋಗುತ್ತದೆ. ಇವರ ಬ್ಯಾಟರಿ 6 ವೋಲ್ಟ್‌ನದು, ಮೋಟರಿಗೆ ಸಿಕ್ಕಿದ್ದು 4. ಗಾಡಿ ಸಮತಟ್ಟು ನೆಲದಲ್ಲಿ ಓಡುತ್ತಿತ್ತು, ಇಳಿಜಾರು ಹತ್ತುತ್ತಿರಲಿಲ್ಲ. ಮೋಟರ್ ಕೆಟ್ಟಿದೆ ಎಂದು ಎರಡು ಮೋಟರ್ ಬದಲಿಸಿದ್ದರಂತೆ. ಕೊನೆಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಕಡೆ ಅಳೆದಾಗ ಗೊತ್ತಾಯಿತು. ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಎಲ್ಲ ಬರೆದಿಟ್ಟಿದ್ದಳು. ಗಾಡಿಗಿಂತ ಆ ನೋಟ್‌ಬುಕ್ಕು ನನಗೆ ದೊಡ್ಡದಾಗಿ ಕಂಡಿತು. ಪ್ರದರ್ಶನದಲ್ಲಿ ಅದನ್ನೂ ಬಿಚ್ಚಿ ಇಡಬೇಕಿತ್ತು, ಆದರೆ ಇಟ್ಟಿರಲಿಲ್ಲ. ‘ಗಲೀಜು ಕಾಣುತ್ತದೆ’ ಎಂದು ಪ್ರಾಜೆಕ್ಟ್ ನೋಡಿಕೊಳ್ಳುವ ಗೈಡ್ ಮೇಷ್ಟ್ರು ಬೇಡ ಅಂದಿದ್ದರಂತೆ.

ಠಾಣೆ ಫೈನಲ್ ಇಯರ್:
ಸರ್ ಹೇಳಿದ್ದು ಓದಿ ಖುಷಿಯಾಯಿತು. ನಮ್ಮದು ನಾಲ್ಕು ಜನರ ಗುಂಪು, ಮಳೆಗಾಲದಲ್ಲಿ ಊರೊಳಗಿನ ನಾಲೆಯ (ಮಳೆನೀರು ಹರಿದುಹೋಗುವ ದೊಡ್ಡ ಚರಂಡಿ) ನೀರು ಎಷ್ಟು ಏರಿದೆ ಎಂದು ತಿಳಿಸುವ ಸಾಧನ ಮಾಡುತ್ತಿದ್ದೇವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಂತಲ್ವಾ, ಆ ದಿನದ ಕಥೆ ಕೇಳಿಕೊಂಡೇ ನಾವೆಲ್ಲ ಬೆಳೆದವರು. ಹಾಗಾಗಿ ವಿಷಯ ಆರಿಸುವುದು ಕಷ್ಟವಾಗಲಿಲ್ಲ.

ಕಷ್ಟ ಶುರುವಾಗಿದ್ದು ಆಮೇಲೆ. ಎಲ್ಲರೂ ಬಳಸುವ, ಶಬ್ದದಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸೋನಿಕ್ ಸೆನ್ಸರ್ ಲ್ಯಾಬಿನ ಬಕೆಟ್ಟಿನಲ್ಲಿ ಚೆನ್ನಾಗಿ ಅಳೆಯುತ್ತದೆ. ನಾಲೆಯ ಮೇಲೆ ಕಟ್ಟಿದರೆ ಮಳೆನೀರು ಒಳಗೆ ಹೋಗುತ್ತದೆ. ನೀರು ಹೋಗದ ಮಾದರಿ ತಂದೆವು. ಅದು ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರ ಇರುವುದನ್ನು ಅಳೆಯುವುದೇ ಇಲ್ಲ. ಆದ್ದರಿಂದ ಎತ್ತರದಲ್ಲಿ ಕಟ್ಟಬೇಕು, ಎತ್ತರದಲ್ಲಿ ಕಟ್ಟಿದರೆ ಗಾಳಿಗೆ ಅಲುಗಾಡುತ್ತದೆ. ಇನ್ನು ನಾಲೆಯಲ್ಲಿ ತೇಲುವ ಥರ್ಮೋಕೋಲ್, ಪ್ಲಾಸ್ಟಿಕ್ ಚೀಲ. ಸೆನ್ಸರ್ ಅವುಗಳನ್ನೇ ನೀರು ಅಂದುಕೊಳ್ಳುತ್ತದೆ. ಈಗ ಒಂದು ಪೈಪಿನೊಳಗೆ ಅಳೆಯುತ್ತಿದ್ದೇವೆ, ಪೈಪಿನ ತಳಕ್ಕೆ ಜಾಲರಿ ಹಾಕಿದ್ದೇವೆ.

ನಮಗೆ ಬೇಜಾರಾಗುವುದು ಆಯ್ಕೆಯ ವಿಷಯದಲ್ಲಿ. ಕ್ಲಾಸಿನ ಟಾಪರ್ ಇರುವ ಗುಂಪು, ಇಂಗ್ಲಿಷ್ ಪಟಪಟ ಮಾತಾಡುವ ಗುಂಪು, ಇವೇ ಮುಂದೆ ಹೋಗುತ್ತವೆ. ಕೆಟಿ ಇರುವ (ಯಾವುದೋ ವಿಷಯ ಪಾಸಾಗದೆ ಉಳಿದಿರುವ) ಹುಡುಗ ಎಂಥ ಕೆಲಸ ಮಾಡಿದರೂ ಹಿಂದಿನ ಸಾಲು. ಯಾಕೆ ಆರಿಸಿದಿರಿ ಎಂದು ಕೇಳಿದರೆ ಉತ್ತರ ಇಲ್ಲ. ಮೇಡಂ, ನೀವು ಆರಿಸಿದ ಪ್ರತಿ ಪ್ರಾಜೆಕ್ಟಿಗೂ ಕಾರಣ ಬರೆದು ನೋಟಿಸ್ ಬೋರ್ಡಿನಲ್ಲಿ ಹಾಕುತ್ತೀರಾ? ಅಷ್ಟು ಮಾಡಿದರೆ ಸಾಕು, ಆರಿಸದವರಿಗೂ ಗೌರವ ಸಿಕ್ಕ ಹಾಗಾಗುತ್ತದೆ.

ಬುಧವಾರ ಪೇಟೆ, ಪುಣೆ:
ನಾನು ಇಪ್ಪತ್ನಾಲ್ಕು ಗಂಟೆ ಈ ಲೋಕದಲ್ಲೇ ಇರುವವನು ರೀ. ಪುಣೆಯ ತಾಪಕೀರ್ ಗಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನಿನ ವ್ಯಾಪಾರ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಹೇಗೋ ಪುಣೆಯವರಿಗೆ ಇದು ಹಾಗೆ. ಜನವರಿ ದಾಟಿತು ಅಂದರೆ ಹುಡುಗರು ದಂಡುಗಟ್ಟಿ ಬರುತ್ತಾರೆ. ‘ಅಣ್ಣಾ, ರೆಡಿ ಪ್ರಾಜೆಕ್ಟ್ ಇದೆಯಾ, ರಿಪೋರ್ಟ್ ಸಮೇತ?’ ಅಂತ ಕೇಳುತ್ತಾರೆ. ನಾನು ಕೊಡುವುದಿಲ್ಲ, ಕೊಡುವವರು ಇದ್ದಾರೆ.

ಅದೇ ಗಲ್ಲಿಗೆ ಬೇರೆ ಥರದ ಮಕ್ಕಳೂ ಬರುತ್ತಾರೆ. ಸುಟ್ಟುಹೋದ ಬೋರ್ಡ್ ಹಿಡಿದುಕೊಂಡು ಬಂದು, ಯಾಕೆ ಸುಟ್ಟಿತು ಎಂದು ನನ್ನ ಹತ್ತಿರ ವಾದ ಮಾಡುತ್ತಾರೆ. ಒಂದು ರೆಸಿಸ್ಟರಿಗಾಗಿ ಮಳೆಯಲ್ಲಿ ಎರಡು ಬಸ್ ಬದಲಿಸಿ ಬಂದವರನ್ನು ನೋಡಿದ್ದೇನೆ. ಅವರಿಂದ ನಾನು ಎಷ್ಟೋ ಸಲ ದುಡ್ಡು ತೆಗೆದುಕೊಂಡಿಲ್ಲ.

ನನ್ನ ಸಲಹೆ ಒಂದೇ. ಪ್ರದರ್ಶನದ ದಿನ ಸಾಮಾನಿನ ಬಿಲ್ಲುಗಳನ್ನು ಟೇಬಲ್ ಮೇಲೆ ಇಡಿಸಿ. ಸ್ವಂತ ಮಾಡಿದವರ ಬಿಲ್ಲು ಚಿಕ್ಕಚಿಕ್ಕದು, ಬೇರೆ ಬೇರೆ ತಾರೀಕಿನದು, ಒಂದೇ ಸಾಮಾನು ಎರಡೆರಡು ಸಲ ಕೊಂಡಿದ್ದು. ಕೊಂಡು ತಂದವರದು ಒಂದೇ ಬಿಲ್ಲು, ಅದೂ ಇದ್ದರೆ.

ನೆರೂಳ್ ಉಪನ್ಯಾಸಕಿ:
ಬಿಲ್ಲಿನ ಮಾತು ನನಗೆ ಹೊಳೆದೇ ಇರಲಿಲ್ಲ, ಖಂಡಿತ ಮಾಡುತ್ತೇನೆ. ಸಾಫ್ಟ್‌ವೇರ್ ಗುಂಪುಗಳಿಗೆ ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಯಾರು ಯಾವತ್ತು ಏನು ಬರೆದರು ಎಂಬ ದಾಖಲೆ ಇರುತ್ತದೆ, ಅದು ಸ್ಕ್ರೀನ್ ಮೇಲೆ ತೆರೆದೇ ಇರಲಿ.

ಠಾಣೆಯ ತಮ್ಮಾ, ಕಾರಣ ಬರೆದು ಹಾಕುತ್ತೇನೆ. ಮಾತು ಕೊಡುತ್ತೇನೆ. ಅಂಕಪಟ್ಟಿ ನೋಡದೆ ಆರಿಸಬೇಕು ಎಂದು ಪ್ರಿನ್ಸಿಪಾಲರಿಗೂ ಹೇಳಿದ್ದೇನೆ, ಒಪ್ಪಿದ್ದಾರೆ. ಇನ್ನೊಂದು ಯೋಚನೆ ಇದೆ. ಆರಿಸುವ ಸಮಿತಿಯಲ್ಲಿ ಲ್ಯಾಬ್ ಅಸಿಸ್ಟೆಂಟ್‌ಗಳೂ ಇರಬೇಕು. ಯಾವ ಹುಡುಗರು ಕೊನೆಯ ಲೋಕಲ್ ರೈಲು ತಪ್ಪುವವರೆಗೆ ಲ್ಯಾಬಿನಲ್ಲಿ ಇದ್ದರು, ಯಾವ ಗುಂಪಿನಲ್ಲಿ ಒಬ್ಬನೇ ದುಡಿದ, ಇವೆಲ್ಲ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಲ್ಯಾಬಿನಲ್ಲಿರುವವರು ಸಾತಾರಾ ಕಡೆಯವರು, ಮಕ್ಕಳ ಹೆಸರು ಒಂದೊಂದೂ ನೆನಪಿಟ್ಟಿರುತ್ತಾರೆ. ಅವರ ಮಾತಿಗೆ ಇಷ್ಟು ವರ್ಷ ಯಾರೂ ಬೆಲೆ ಕೊಟ್ಟಿಲ್ಲ ಅನ್ನುವುದು ನನಗೆ ನಿಜವಾಗಿಯೂ ನೋವಿನ ವಿಷಯ.

ಫೋರ್ಟ್ ಹೋಟೆಲಿನವರು:
ಮೇಡಂ, ನಾವು ಕುಂದಾಪುರ ಕಡೆಯವರು, ಫೋರ್ಟಿನಲ್ಲಿ ನಮ್ಮ ಅಪ್ಪನ ಕಾಲದಿಂದ ಹೋಟೆಲ್. ಪ್ರಾಜೆಕ್ಟ್ ವಿಷಯದಲ್ಲಿ ನನಗೂ ಒಂದು ಮಾತು ಹೇಳಬೇಕು.

ಹೋದ ವರ್ಷ ಒಂದು ಕಾಲೇಜಿನ ಮೆಕ್ಯಾನಿಕಲ್ ಮಕ್ಕಳು ಬಂದು ದೋಸೆ ಕಾವಲಿಗೆ ಎಷ್ಟು ಗ್ಯಾಸ್ ಖರ್ಚಾಗುತ್ತದೆ ಎಂದು ಅಳೆಯುತ್ತೇವೆ ಅಂದರು. ಬನ್ನಿ ಅಂದೆ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ಕಾವಲಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕ ಗೆರೆ ಎಳೆದು, ಒಂದೊಂದು ಚೌಕಕ್ಕೂ ಬಿಸಿ ಅಳೆಯುವ ಥರ್ಮೋಕಪಲ್ ಒತ್ತಿ ಬರೆದುಕೊಂಡರು. ನಡುವೆ ಹೊಗೆ ಬರುವಷ್ಟು ಬಿಸಿ, ಅಂಚಿನಲ್ಲಿ ದೋಸೆ ಏಳುವುದೇ ಇಲ್ಲ. ಇದು ನಮ್ಮ ಅಡುಗೆ ಭಟ್ರಿಗೆ ಕೈಯಲ್ಲೇ ಗೊತ್ತಿತ್ತು. ಆದರೆ ಕಾಗದದ ಮೇಲೆ ಬಣ್ಣ ಬಳಿದು ತೋರಿಸಿದಾಗ ಭಟ್ರು ‘ಹೌದು ಮಾರಾಯ್ರೇ, ಇಲ್ಲೇ ನೋಡಿ ನನ್ನ ಸೆಟ್ ದೋಸೆ ಕರಕಾಗುವುದು’ ಎಂದು ಬೆರಳಿಟ್ಟು ಹೇಳಿದರು. ಬರ್ನರಿನ ಉಂಗುರ ಬದಲಿಸಿ ಮತ್ತೆ ಅಳೆದರು. ಭಟ್ರು ಬೇಡ ಅಂದಿದ್ದನ್ನು ಬಿಟ್ಟರು, ಸರಿ ಅಂದಿದ್ದನ್ನು ಇಟ್ಟರು. ಈಗಲೂ ಅದೇ ಬರ್ನರ್ ಉರಿಯುತ್ತಿದೆ.

ಆ ಪ್ರಾಜೆಕ್ಟಿಗೆ ಕಾಲೇಜಿನಲ್ಲಿ ಬಹುಮಾನ ಬಂತಂತೆ. ನಮಗೆ ಗೊತ್ತಾಗಿದ್ದು ಆರು ತಿಂಗಳು ಕಳೆದ ಮೇಲೆ, ಆ ಹುಡುಗರಲ್ಲಿ ಒಬ್ಬ ಮಸಾಲೆ ದೋಸೆ ತಿನ್ನಲು ಬಂದಾಗ. ಭಟ್ರನ್ನು ಒಂದು ಮಾತು ಕರೆಯಬಹುದಿತ್ತು, ಅಲ್ವಾ? ಅವರು ಶಾಲೆ ಬಿಟ್ಟು ಮುಂಬೈಗೆ ಬಂದವರು. ಕಾಲೇಜಿನ ಗೇಟಿನೊಳಗೆ ಒಮ್ಮೆಯೂ ಹೋದವರಲ್ಲ.

ಡೊಂಬಿವಲಿ ಹಿರಿಯ:
ಹೋಟೆಲಿನವರೇ, ನೀವು ಹೇಳಿದ್ದೇ ಮುಖ್ಯ. ಯಾರಿಗಾಗಿ ಮಾಡಿದರೋ ಅವರು ಆ ಟೇಬಲ್ಲಿನ ಪಕ್ಕ ನಿಂತಿರಬೇಕು. ಮೇಡಂ, ಮುಖ್ಯ ಅತಿಥಿಯ ಜಾಗದಲ್ಲಿ ಭಟ್ರನ್ನು ಕೂರಿಸಿದರೂ ನನಗೆ ಸಂತೋಷವೇ.

ಪೇಟೆಂಟ್ ಕೆಲಸ, ಸಾಯನ್:
ನಡುವೆ ಬಾಯಿ ಹಾಕುತ್ತಿದ್ದೇನೆ, ಆದರೆ ಇದು ತುರ್ತು. ನಾನು ಪೇಟೆಂಟ್ ಅರ್ಜಿಗಳ ಕೆಲಸ ಮಾಡುವವಳು. ಪ್ರದರ್ಶನಕ್ಕೆ ಇಡುವ ಮೊದಲೇ ಮಕ್ಕಳಿಗೆ ಒಂದು ವಿಷಯ ತಿಳಿಸಿ. ಹೊಸದಾಗಿ ಕಂಡುಹಿಡಿದದ್ದನ್ನು ನಾಲ್ಕು ಜನರ ಮುಂದೆ ತೋರಿಸಿಬಿಟ್ಟರೆ, ಆಮೇಲೆ ಪೇಟೆಂಟಿಗೆ ಅರ್ಜಿ ಹಾಕಿದಾಗ ‘ಇದು ಆಗಲೇ ಬಹಿರಂಗವಾಗಿದೆ’ ಎಂದು ತಿರಸ್ಕರಿಸಬಹುದು. 1970ರ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್‌ನಲ್ಲಿ 12 ತಿಂಗಳ ವಿನಾಯಿತಿ ಇದೆ. ಆದರೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನಗಳಿಗೆ. ಕಾಲೇಜಿನ ಹಾಲಿಗೆ ಅದು ತಾನಾಗಿ ಅನ್ವಯಿಸುವುದಿಲ್ಲ.

ಹೆದರಬೇಕಾಗಿಲ್ಲ. ಪ್ರದರ್ಶನಕ್ಕೆ ಮೊದಲು ಪ್ರೊವಿಷನಲ್, ಅಂದರೆ ತಾತ್ಕಾಲಿಕ, ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಮಯ ಸಿಗುತ್ತದೆ. ಆನ್‌ಲೈನಿನಲ್ಲಿ ವ್ಯಕ್ತಿಗಳಿಗೆ ಅರ್ಜಿ ಶುಲ್ಕ 1,600 ರೂಪಾಯಿ. 2021ರಲ್ಲಿ ನಿಯಮ ಬದಲಾದ ಮೇಲೆ ಶಿಕ್ಷಣ ಸಂಸ್ಥೆಗಳಿಗೂ ಶೇ 80ರಷ್ಟು ರಿಯಾಯಿತಿ ಇದೆ. ಮುಂಬೈಯ ಪೇಟೆಂಟ್ ಕಚೇರಿ ಆಂಟಾಪ್ ಹಿಲ್‌ನಲ್ಲೇ ಇದೆ. ಬರೀ ಕಂಪ್ಯೂಟರ್ ಪ್ರೋಗ್ರಾಂಗೆ ನಮ್ಮಲ್ಲಿ ಪೇಟೆಂಟ್ ಇಲ್ಲ, ಆದ್ದರಿಂದ ಆ್ಯಪ್ ಮಾಡಿದವರು ಈ ಚಿಂತೆಯಲ್ಲಿ ನಿದ್ದೆ ಕೆಡಿಸಿಕೊಳ್ಳುವುದು ಬೇಡ.

ಹಾಗೆಯೇ ಅರ್ಜಿಯಲ್ಲಿ ಮಕ್ಕಳ ಹೆಸರು ಇನ್ವೆಂಟರ್ (ಕಂಡುಹಿಡಿದವರು) ಅಂತ ಇರಬೇಕು. ಗೈಡ್ ಹೆಸರು ಮೊದಲು, ಮಕ್ಕಳ ಹೆಸರು ಮಾಯ, ಅಂಥ ಕಾಗದ ನನ್ನ ಮೇಜಿಗೆ ಬಂದಾಗ ಹೊಟ್ಟೆ ಉರಿಯುತ್ತದೆ.

ಕಲೀನಾ ಎಂಎ:
ಇಲ್ಲಿ ಎಲ್ಲರೂ ಬೋರ್ಡು, ಸೆನ್ಸರ್ ಅನ್ನುತ್ತಿದ್ದೀರಿ. ನಾನು ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಓದುತ್ತಿದ್ದೇನೆ. ಕಲಾ ವಿಭಾಗದ ಮಕ್ಕಳ ಪ್ರಾಜೆಕ್ಟನ್ನೂ ತೋರಿಸಬೇಕು ಎಂದು ಕೇಳಲು ಬಂದೆ. ಈಗ ನಾಲ್ಕು ವರ್ಷದ ಪದವಿಯಲ್ಲಿ ಸಂಶೋಧನೆಯ ಆನರ್ಸ್ ಬೇಕಾದವರಿಗೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಂಕ ಇರಬೇಕು, ಕೊನೆಯ ವರ್ಷ 12 ಕ್ರೆಡಿಟ್‌ನ ಸಂಶೋಧನೆ ಮಾಡಬೇಕು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟಿನಲ್ಲಿದೆ. ಅಂದರೆ ಇಂಥ ಕೆಲಸ ಇನ್ನೂ ಜಾಸ್ತಿ ಬರುತ್ತದೆ. ಅದನ್ನು ಟೇಬಲ್ ಮೇಲೆ ಬರೀ ಬೈಂಡ್ ಮಾಡಿದ ಪುಸ್ತಕವಾಗಿ ಇಟ್ಟರೆ ಯಾರು ತೆರೆಯುತ್ತಾರೆ?

ನನ್ನ ಗೆಳತಿ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ಕೆಲಸ ಮಾಡಿದ್ದಾಳೆ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಎಸ್ಸೆಸ್ಸೆಲ್ಸಿ ಮಾಡಿದ ಹಿರಿಯರನ್ನು ಹುಡುಕಿ ಮಾತಾಡಿಸಿದ್ದಾಳೆ. ಅದನ್ನು ತೋರಿಸುವಾಗ ಒಂದು ನಕ್ಷೆ ಹಾಕಿದಳು, ಹೋಟೆಲಿನಿಂದ ಶಾಲೆಗೆ ಅವರು ನಡೆದ ದಾರಿ ಗೆರೆ ಎಳೆದು. ಪಕ್ಕದಲ್ಲಿ ಇಯರ್‌ಫೋನ್. ಕೇಳಿದರೆ ಒಬ್ಬ ಹಿರಿಯರು ತುಳು ಮಿಶ್ರಿತ ಕನ್ನಡದಲ್ಲಿ ಹೇಳುತ್ತಾರೆ, ಕ್ಲಾಸಿನಲ್ಲಿ ನಿದ್ದೆ ಬಂದರೆ ಮೇಷ್ಟ್ರು ಬೈಯುತ್ತಿರಲಿಲ್ಲ, ಚಹಾ ತರಿಸುತ್ತಿದ್ದರು ಅಂತ. ಜನ ಸಾಲು ನಿಂತು ಕೇಳಿದರು.

ಜೆಜೆ ಸ್ಕೂಲ್ ಆಫ್ ಆರ್ಟ್‌ನ ವಾರ್ಷಿಕ ಪ್ರದರ್ಶನ ನೋಡಿದ್ದೀರಾ? 1857ರಿಂದ ಇರುವ ಸಂಸ್ಥೆ, ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಬಂದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಕಲಿತದ್ದೂ ಆಮೇಲೆ ಕಲಿಸಿದ್ದೂ ಅಲ್ಲೇ. ಅಲ್ಲಿ ಮಕ್ಕಳ ಕೆಲಸವನ್ನು ಊರಿನ ಜನ ಬಂದು ನೋಡುತ್ತಾರೆ. ಆ ಥರ ನೋಡುವ ಅಭ್ಯಾಸ ಬೇರೆ ಕಾಲೇಜುಗಳಿಗೂ ಬರಬೇಕು.

ಪೋಂಡಾ ಕನ್ನಡಿಗ:
ಗೋವಾದಿಂದ. ಫರ್ಮಾಗುಡಿಯ ಇಂಜಿನಿಯರಿಂಗ್ ಕಾಲೇಜಿನ ಹತ್ತಿರವೇ ನಮ್ಮ ಮನೆ. ನಾನು ನೋಡಿದ ಒಂದು ಪ್ರಾಜೆಕ್ಟ್ ಹೇಳುತ್ತೇನೆ, ಅದು ಬೇರೊಂದು ಕಾಲೇಜಿನದು. ಇಲ್ಲಿ ಖಾಜನ್ ಗದ್ದೆಗಳಿವೆ. ನಮ್ಮ ಕುಮಟಾ ಕಡೆಯ ಗಜನಿ ಗದ್ದೆಗಳ ಥರವೇ, ಉಪ್ಪುನೀರು ಬರುವ ಹೊಳೆಯಂಚಿಗೆ ಕಟ್ಟೆ ಹಾಕಿ ಮಾಡಿದ್ದು. ಅಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ನೀರು ಒಳಗೆ ಹೊರಗೆ ಹೋಗಲು ಮಾನಸ್ ಎಂಬ ಬಾಗಿಲು ಇರುತ್ತದೆ, ಮರದ ಹಲಗೆಯದು. ಭರತಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ತೆರೆದುಕೊಳ್ಳುತ್ತದೆ. ಹಲಗೆ ಹಳತಾದರೆ ಸಂದಿಯಿಂದ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ.

ಮಕ್ಕಳು ಬಾಗಿಲಿನ ಎರಡೂ ಬದಿ ನೀರಿನ ಉಪ್ಪು ಅಳೆದು, ಯಾವ ಹೊತ್ತಿನಲ್ಲಿ ಎಷ್ಟು ಸೋರುತ್ತದೆ ಎಂದು ಗ್ರಾಫ್ ಹಾಕಿದ್ದರು. ಗುಂಪಿನಲ್ಲಿದ್ದ ಒಬ್ಬ ಹುಡುಗಿಯ ಅಪ್ಪ ಗದಗ ಕಡೆಯಿಂದ ವಾಸ್ಕೋಗೆ ಕಟ್ಟಡದ ಕೆಲಸಕ್ಕೆ ಬಂದವರು. ಪ್ರದರ್ಶನದ ದಿನ ಅವರು ಬಂದಿದ್ದರು, ಗೋಡೆಗೆ ಒರಗಿ ದೂರದಲ್ಲೇ ನಿಂತಿದ್ದರು. ಪೋಸ್ಟರ್ ಇಂಗ್ಲಿಷು, ವಿವರಣೆ ಇಂಗ್ಲಿಷು, ಸುತ್ತ ಕೊಂಕಣಿ. ಅವಳು ಅವರ ಕೈ ಹಿಡಿದು ಕರೆತಂದು ಎಲ್ಲವನ್ನೂ ಕನ್ನಡದಲ್ಲಿ ಮತ್ತೆ ಹೇಳಿದಳು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ಹಲಗಿ ಬದ್ಲಿ ಕಾಂಕ್ರೀಟ್ ಹಾಕಿದ್ರ ಆಗಂಗಿಲ್ಲೇನು?’ ಆಮೇಲೆ ಗೈಡೂ ಸೇರಿ ಅರ್ಧ ಗಂಟೆ ಅದೇ ಚರ್ಚೆ. ಕಟ್ಟಡ ಕಟ್ಟುವವರಲ್ಲವೇ, ಉಪ್ಪುನೀರಿಗೆ ಕಬ್ಬಿಣದ ಸರಳು ಹೇಗೆ ತುಕ್ಕು ಹಿಡಿದು ಕಾಂಕ್ರೀಟ್ ಸೀಳುತ್ತದೆ ಎಂದು ಅವರೇ ಹೇಳಿದರು. ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ.

ಚೆಂಬೂರು ಅಮ್ಮ:
ಪೋಂಡಾದವರು ಬರೆದಿದ್ದು ಓದಿ ಕಣ್ಣು ತುಂಬಿ ಬಂತು. ನನ್ನ ಮಗನ ಪ್ರದರ್ಶನಕ್ಕೆ ತಂದೆತಾಯಿಯರನ್ನು ಒಳಗೆ ಬಿಡಲೇ ಇಲ್ಲ, ಜಾಗ ಇಲ್ಲ ಅಂದರು. ಮನೆಯ ಹಾಲಿನಲ್ಲಿ ವೈರು, ಸೋಲ್ಡರ್ ವಾಸನೆ, ರಾತ್ರಿ ಎರಡು ಗಂಟೆಯ ಚಹಾ, ಇವನ್ನೆಲ್ಲ ಸಹಿಸಿದವರು ನಾವು. ಮಗ ಏನು ಮಾಡಿದ ಎಂದು ಫೋಟೋದಲ್ಲಿ ನೋಡಬೇಕಾಯಿತು.

ಮೇಡಂ, ಒಂದು ವಿನಂತಿ. ಭಾನುವಾರ ಇಡಬೇಡಿ. ಹಾರ್ಬರ್ ಲೈನಿನ ಲೋಕಲ್ ರೈಲಿಗೆ ಮೆಗಾಬ್ಲಾಕ್ (ಹಳಿ ರಿಪೇರಿಗೆ ರೈಲು ನಿಲ್ಲಿಸುವುದು) ಇದ್ದರೆ ನಾವು ಯಾರೂ ಬರಲಾಗುವುದಿಲ್ಲ. ಶನಿವಾರ ಮಧ್ಯಾಹ್ನದ ಮೇಲೆ ಇಟ್ಟರೆ ಅರ್ಧ ದಿನ ಕೆಲಸ ಮುಗಿಸಿ ಬರಬಹುದು. ಕೂರಲು ನಾಲ್ಕು ಕುರ್ಚಿ, ಕುಡಿಯಲು ನೀರು ಇರಲಿ. ಏಪ್ರಿಲ್ ಬಿಸಿಲು.

ನೆರೂಳ್ ಉಪನ್ಯಾಸಕಿ:
ಅಮ್ಮಾ, ಶನಿವಾರವೇ ಇಡುತ್ತೇನೆ, ಸಂಜೆ ಏಳರವರೆಗೆ ತೆರೆದಿರುತ್ತದೆ. ಗೇಟಿನಲ್ಲಿ ತಂದೆತಾಯಿಯರ ಹೆಸರಿನ ಪಟ್ಟಿ ಮೊದಲೇ ಕೊಟ್ಟಿರುತ್ತೇವೆ, ಯಾರೂ ಐಡಿ ಹಿಡಿದು ಕಾಯಬೇಕಾಗಿಲ್ಲ.

ಎಲ್ಲರ ಮಾತು ಕೇಳಿ ಸಮಿತಿಯ ಮುಂದೆ ಇಟ್ಟೆ. ಪೋಸ್ಟರ್ ಒಂದೇ ಇರುತ್ತದೆ, ಎ1 ಅಳತೆಯದು. ಅದರಲ್ಲಿ ಏನು ಮಾಡಿದೆವು ಎಂಬುದರ ಜೊತೆಗೆ ಏನು ಕೈಕೊಟ್ಟಿತು ಎಂಬುದಕ್ಕೂ ಜಾಗ ಬಿಡಬೇಕು. ಗುಂಪಿನಲ್ಲಿ ಯಾರು ಯಾವ ಕೆಲಸ ಮಾಡಿದರು ಎಂದು ಹೆಸರಿನ ಮುಂದೆ ಬರೆಯಬೇಕು. ನೋಟ್‌ಬುಕ್ಕು, ಬಿಲ್ಲು ಟೇಬಲ್ ಮೇಲೆ. ಪ್ರತಿ ಗುಂಪೂ ತಮ್ಮ ಕೆಲಸವನ್ನು ಮನೆಮಾತಿನಲ್ಲಿ ಹೇಳಲು ತಯಾರಿರಬೇಕು. ಮರಾಠಿ, ಕನ್ನಡ, ಗುಜರಾತಿ, ಯಾವುದಾದರೂ ಸರಿ. ಇದಕ್ಕೆ ಒಬ್ಬ ಸಹೋದ್ಯೋಗಿ ವಿರೋಧ ಮಾಡಿದರು, ಕಂಪನಿಯವರು ಬಂದಾಗ ಚೆನ್ನಾಗಿ ಕಾಣುವುದಿಲ್ಲ ಎಂದರು. ನಾನು ಒಪ್ಪಲಿಲ್ಲ. ಅಪ್ಪ ಅಮ್ಮನಿಗೆ ಅರ್ಥವಾಗುವ ಹಾಗೆ ಹೇಳಬಲ್ಲ ಹುಡುಗ ಕಂಪನಿಯವರಿಗೂ ಹೇಳಬಲ್ಲ.

ಸಾಯನ್ ಮೇಡಂ, ಎರಡು ಗುಂಪುಗಳ ಕೆಲಸ ಹೊಸದು ಅನ್ನಿಸುತ್ತಿದೆ. ಅವರನ್ನು ನಿಮ್ಮ ಹತ್ತಿರ ಕಳಿಸಲೇ? ಪ್ರೊವಿಷನಲ್ ಹಾಕುವವರೆಗೆ ಅವರ ಟೇಬಲ್ ಬೇಡ ಎಂದಿದ್ದೇನೆ.

ಪೇಟೆಂಟ್ ಕೆಲಸ, ಸಾಯನ್:
ಧಾರಾಳವಾಗಿ ಕಳಿಸಿ. ಚಿತ್ರ, ಅಳತೆ, ನೋಟ್‌ಬುಕ್ಕು ತರಲಿ. ಮಕ್ಕಳಿಂದ ಫೀಸು ತೆಗೆದುಕೊಳ್ಳುವುದಿಲ್ಲ, ಸರ್ಕಾರಿ ಶುಲ್ಕ ಮಾತ್ರ ಕಟ್ಟಬೇಕು. ಅಲ್ಲಿಯವರೆಗೆ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ವಿಡಿಯೋ ಹಾಕಬಾರದು ಎಂದು ಹೇಳಿಬಿಡಿ.

ಠಾಣೆ ಫೈನಲ್ ಇಯರ್:
ಮೇಡಂ, ನಮ್ಮದು ನಿಮ್ಮ ಕಾಲೇಜಲ್ಲ. ಆದರೂ ಪೈಪು, ಜಾಲರಿ ಎಲ್ಲ ಹೊತ್ತು ನೋಡಲು ಬರುತ್ತೇವೆ. ಡೊಂಬಿವಲಿ ಸರ್ ಬಂದರೆ ನಮ್ಮ ಕೆಟ್ಟುಹೋದ ಸೆನ್ಸರ್‌ಗಳನ್ನೂ ತೋರಿಸುತ್ತೇವೆ.

ಫೋರ್ಟ್ ಹೋಟೆಲಿನವರು:
ಭಟ್ರಿಗೆ ಹೇಳಿದೆ. ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಇಟ್ಟಿದ್ದಾರೆ. ಕಾವಲಿ, ಹೊಸ ಬರ್ನರ್ ಎರಡನ್ನೂ ಟೆಂಪೋದಲ್ಲಿ ತರುತ್ತೇವೆ. ಆ ಹುಡುಗರೂ ಬರುತ್ತೇವೆ ಅಂದಿದ್ದಾರೆ. ಹಾಲಿನೊಳಗೆ ಗ್ಯಾಸ್ ಉರಿಸಲು ಬಿಡುತ್ತಾರೋ?

ನೆರೂಳ್ ಉಪನ್ಯಾಸಕಿ:
ಹಾಲಿನೊಳಗೆ ಬಿಡುವುದಿಲ್ಲ ಅಣ್ಣಾ. ಕ್ಯಾಂಟೀನಿನ ಪಕ್ಕದ ಶೆಡ್ಡಿನಲ್ಲಿ ಜಾಗ ಮಾಡಿಸಿದ್ದೇನೆ. ಬೆಂಕಿ ಆರಿಸುವ ಸಿಲಿಂಡರ್, ಮರಳಿನ ಬಕೆಟ್ ನಾವು ಇಡುತ್ತೇವೆ. ಹಿಟ್ಟು ನೀವು ತನ್ನಿ.